ಗೆರೆಯವರೆಗಿನ ಬಿಲ್ಲು

ಯಾವ ಕೆಲಸಕ್ಕೆ ಯಾವ ಹತಾರ ಎಂಬುದನ್ನು ಬಲ್ಲವನು ಈ ಭೂಮಂಡಲದಲ್ಲಿ ನಾನೊಬ್ಬನೇ ಎಂದು ಆ ಶನಿವಾರ ಬೆಳಿಗ್ಗೆ ಮನೆಯಲ್ಲಿ ಘೋಷಿಸಿಬಿಟ್ಟೆ!

ಸಂಗತಿ ಇಷ್ಟೇ. ಮರುದಿನ ಮಗಳಿಗೆ ಬಿಲ್ಲುಗಾರಿಕೆಯ ಸ್ಪರ್ಧೆ. ಮನೆಯವರೇ ಮಾಡಿದ ಮರದ ಬಿಲ್ಲು ತರಬೇಕೆಂದು ನಿಯಮ. ಬಡಗಿಯಾದ ನನ್ನ ಮಾವ ಕೆತ್ತಿ ಕಳಿಸಿದ್ದರು. ಉಳಿದದ್ದು, ಹೆದೆ ಜಾರದಂತೆ ಎರಡು ತುದಿಗಳ ಇಕ್ಕೆಲಕ್ಕೂ ಕಚ್ಚು ಹಾಕುವುದು. ಬಿಲ್ಲು ಮಗಳಿಗೆ ಒಂದು ಗೇಣು ಉದ್ದವಾಗಿತ್ತು. ತುದಿಗಳಿಂದ ಒಳಗೆ ಒಂದೊಂದು ಪೆನ್ಸಿಲ್ ಗೆರೆ ಬೇರೆ. ಪಾಪ, ಮಾವನವರಿಗೆ ವಯಸ್ಸಾಯಿತು, ಅಳತೆ ತಪ್ಪಿದ್ದಾರೆ ಎಂದುಕೊಂಡೆ.

"ಅಪ್ಪನ್ನೇ ಬರೋಕೆ ಹೇಳ್ಲಾ?" ಎಂದಳು ಹೆಂಡತಿ.

"ನಾಲ್ಕು ಕಚ್ಚಿಗೆ ಅಷ್ಟು ದೂರದಿಂದ ಬರಬೇಕಾ? ನಾನೇನು ಸತ್ತೋದ್ನಾ?"

ಆದರೆ ಯಾವುದರಿಂದ ಹಾಕುವುದು? ಕುತೂಹಲ ತಲೆಗೇರಿತು. ಮೊದಲು ಗರಗಸ, ನೆಲ ಒರೆಸುವ ಕೋಲಿನ ಮೇಲೆ. ಕಚ್ಚಿನ ಅಂಚು ಬ್ಲೇಡಿನಂತೆ ಚೂಪಾಯಿತು; ಹೆದೆ ಕತ್ತರಿಸುವುದು ಖಂಡಿತ! ಆಮೇಲೆ ಉಳಿ, ಲಟ್ಟಣಿಗೆಯ ಮೇಲೆ. ಚಕ್ಕೆ ಎದ್ದು ಹಾರಿ ಹಾಲಿನ ಪಾತ್ರೆಗೆ ಬಿತ್ತು. ಆಮೇಲೆ ಚಾಕು, ಛತ್ರಿಯ ಹಿಡಿಯ ಮೇಲೆ. ಅದು ಮರದ ಎಳೆ ಹಿಡಿದು ಜಾರುತ್ತ ಜಾರುತ್ತ ನನ್ನ ಹೆಬ್ಬೆರಳಿನ ಯೋಗಕ್ಷೇಮ ವಿಚಾರಿಸಿಕೊಂಡು ಬಂತು!

"ಮನೇಲಿ ಇನ್ನೂ ಮಂಚದ ಕಾಲಿದೆ. ಅದನ್ಯಾಕೆ ಬಿಟ್ರಿ?" ಎಂದಳು ಹೆಂಡತಿ.

ಕೊನೆಗೆ ಚಪ್ಪಟೆ ಅರ ಗೆದ್ದಿತು. ಉಜ್ಜಿದರೆ ಮರ ಸದ್ದಿಲ್ಲದೆ ಸವೆಯುತ್ತದೆ. ಬಿಲ್ಲಿನ ಬಲಕ್ಕೆ ಉಜ್ಜಿದೆ. ಎಡಕ್ಕೆ ಉಜ್ಜಿದೆ. ಎಡ ಕೊಂಚ ಆಳವಾಯಿತು. ಸರಿಸಮ ಬೇಡವೇ? ಬಲಕ್ಕೆ ಇನ್ನೆರಡು ಸಲ. ಈಗ ಬಲ ಆಳ! ಎಡಕ್ಕೆ ನಾಲ್ಕು ಸಲ. ಟಕ್! ತುದಿ ನೆಲಕ್ಕೆ ಬಿತ್ತು.

"ಅಪ್ಪಾ!" ಮಗಳ ಕಣ್ಣಲ್ಲಿ ನೀರು.

"ಅಳಬೇಡ ಪುಟ್ಟಿ, ಆ ಕಡೆನೂ ಅಷ್ಟೇ ತೆಗೆದ್ರೆ ಆಯ್ತು!"

ತೆಗೆದೆ. ಮತ್ತೆ ಕಚ್ಚು, ಮತ್ತೆ ಸರಿಸಮ, ಮತ್ತೆ ಟಕ್! ಸಂಜೆಯ ಹೊತ್ತಿಗೆ ನನ್ನ ಕಾಲ ಬಳಿ ಆರು ತುಂಡುಗಳು. ಬಿಲ್ಲು ಎರಡು ಕಡೆಯೂ ಪೆನ್ಸಿಲ್ ಗೆರೆಗೆ ಬಂದು ನಿಂತಿತ್ತು. ಇನ್ನೊಂದು ಟಕ್ ಎಂದರೆ ನಾಳೆಯ ಸ್ಪರ್ಧೆಗೆ ಮಂಗಳ! ಅರವನ್ನು ಕೆಳಗಿಟ್ಟೆ.

"ಮಾವನವರಿಗೆ ಫೋನ್ ಮಾಡು," ಎಂದೆ ಸಣ್ಣ ದನಿಯಲ್ಲಿ.

ಹೆಂಡತಿ ಫೋನ್ ಮುಟ್ಟಲಿಲ್ಲ. ಬೀರುವಿನಿಂದ ಬೆರಳು ಗಾತ್ರದ ದುಂಡನೆಯ ಅರವೊಂದನ್ನು ತಂದಳು.

"ಬಿಲ್ಲಿನ ಜೊತೇಲೇ ಕಳ್ಸಿದ್ರು. 'ಅಳಿಯಂದಿರಿಗೆ ಎಲ್ಲಾನೂ ಸರಿಸಮ ಆಗ್ಬೇಕು. ಅದಕ್ಕೇ ಒಂದು ಗೇಣು ಜಾಸ್ತಿ ಬಿಟ್ಟಿದೀನಿ. ಅವರ ಆಸೆ ತೀರ್ಲಿ. ಗೆರೆ ಹತ್ರ ಬಂದ್ಮೇಲೆ ಈ ಅರ ಕೊಡು' ಅಂದ್ರು."

ನಾನು ಕೈ ಚಾಚಿದೆ.

"ನಿಮಗಲ್ಲ!" ಎಂದು ಅದನ್ನು ಮಗಳ ಕೈಗಿಟ್ಟಳು.

ಮಗಳು ಮೂಗಿನ ತುದಿಗೆ ನಾಲಿಗೆ ಚಾಚಿ, ಹತ್ತೇ ನಿಮಿಷದಲ್ಲಿ ನಾಲ್ಕು ಕಚ್ಚು ಹಾಕಿದಳು. ದುಂಡಗೆ, ನುಣ್ಣಗೆ. ಹೆದೆ ಹೋಗಿ ಗೂಡು ಸೇರಿದಂತೆ ಕೂತಿತು. ಬಿಲ್ಲೂ ಅವಳ ಎತ್ತರಕ್ಕೆ ಸರಿಯಾಗಿತ್ತು!

ಬಲ ಕೊಂಚ ಆಳವಾಯಿತೇನೋ ಎಂದು ನನಗನ್ನಿಸಿತು. ಆದರೆ ನನಗೆ ವಹಿಸಿದ್ದ ಕೆಲಸ ಬೇರೆಯೇ ಇತ್ತು: ಬಿಲ್ಲನ್ನು ಅಲ್ಲಾಡದಂತೆ ಹಿಡಿದುಕೊಳ್ಳುವುದು. ಎರಡೂ ಕೈಯಿಂದ!