ದೊಡ್ಡಪ್ಪನ ಫ್ರೆಂಚ್ ಮೂಳೆಗಳು

ನಮ್ಮ ದೊಡ್ಡಪ್ಪನ ಬಾಯಿಂದ ಆ ಆರು ತಿಂಗಳು ಕನ್ನಡದ ಒಂದು ಪದವೂ ಹೊರಡಲಿಲ್ಲ. ತೊಡೆಯದು, ಸೊಂಟದ್ದು, ಪಕ್ಕೆಲುಬಿನದು ಎಂದು ಹೇಳುವ ಫ್ರೆಂಚ್ ವಿಶೇಷಣಗಳು ಮಾತ್ರ ದಂಡಿಯಾಗಿ ಹೊರಟವು! ಬೂಕನಕೆರೆ ಸೀಮೆಯಲ್ಲಿ ಇಂಥ ಇನ್ನೊಬ್ಬರನ್ನು ತೋರಿಸಿದರೆ ನನ್ನ ಬಿ.ಎ. ಸರ್ಟಿಫಿಕೇಟನ್ನು ಅವರಿಗೇ ಕೊಟ್ಟುಬಿಡುತ್ತೇನೆ. ಕಬ್ಬು ಕಡಿದು, ಬಸ್ಸಿನ ಬಾಗಿಲಲ್ಲಿ ಜೋತಾಡಿ ಸಂಪಾದಿಸಿದ್ದು, ನಮ್ಮ ವಂಶದಲ್ಲೇ ಮೊದಲನೆಯದು. ಸುಮ್ಮನೆ ಪಣಕ್ಕಿಡುವ ವಸ್ತುವಲ್ಲ.

ದೊಡ್ಡಪ್ಪ ಮುರಿದ ಮೂಳೆ ಕೂರಿಸುವವರು. ಕರಿಘಟ್ಟದ ಮೆಟ್ಟಿಲಲ್ಲಿ ಬಿದ್ದು ಭುಜ ಕಳಚಿಕೊಂಡ ಫ್ರಾನ್ಸಿನವನೊಬ್ಬನಿಗೆ ಹಿಂದೊಮ್ಮೆ ಕೂರಿಸಿದ್ದರು. ಆತ ತನ್ನ ದೇಶದಿಂದ ಅಂಗರಚನೆಯ ಚಿತ್ರಪುಸ್ತಕ ಕಳಿಸಿದ್ದ. ಅದರಲ್ಲಿ ಪದಗಳನ್ನೂ ಮೂಳೆ ಮುರಿದ ಹಾಗೆ ತುಂಡು ತುಂಡು ಮಾಡಿ ಅಚ್ಚು ಹಾಕಿದ್ದರು.

ಆಮೇಲೆ ದೊಡ್ಡಪ್ಪನಿಗೆ ಲಕ್ವ ಹೊಡೆದು ನಾಲಿಗೆ ಹೊರಳದಾಯಿತು. ಸಂತೆಯ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಗೆ ಕೇಳುತ್ತಿದ್ದ ಮನುಷ್ಯ! "ಪದ ಬಿಡಿಸಿ ಬಿಡಿಸಿ ದಿನಾ ಜೋರಾಗಿ ಹೇಳಿಸಿ. ಈಗ ಬಿಟ್ಟರೆ ಮಾತು ಹೋದಂತೆಯೇ" ಅಂದರು ಡಾಕ್ಟರು. ನಾನು ಒಂದನೇ ಕ್ಲಾಸಿನ ಕನ್ನಡ ಪುಸ್ತಕ ತಂದೆ. ದೊಡ್ಡಪ್ಪ ಅದನ್ನು ತಳ್ಳಿ ಫ್ರೆಂಚ್ ಪುಸ್ತಕ ಎಳೆದುಕೊಂಡರು. ಮನೆಯಲ್ಲಿ ಓದಿದವನು ನಾನೊಬ್ಬನೇ, ಆದ್ದರಿಂದ ಮೇಷ್ಟರೂ ನಾನೇ. ನನಗೆ ಫ್ರೆಂಚ್ ಎಲ್ಲಿಂದ ಬರಬೇಕು?

ಸ್ನಾಯುವಿನ ಚಿತ್ರದ ಕೆಳಗಿದ್ದುದನ್ನು "ಮುಸ್-ಕು-ಲೈ-ರೆ" ಅಂತ ಧೈರ್ಯವಾಗಿ ಓದಿದೆ.

"ಮುಫ್... ಕು... ವೈ... ವೆ" ಅಂದರು ದೊಡ್ಡಪ್ಪ.

ನನ್ನ ಓದಿನ ಮೇಲೆ ನನಗೇ ಸಂಶಯ ಬಂದು, ದೊಡ್ಡಪ್ಪನನ್ನು ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತಿಸಿ, ಕೋಟೆ ಬಾಗಿಲಲ್ಲಿ ಫ್ರೆಂಚ್ ಪ್ರವಾಸಿಯೊಬ್ಬನನ್ನು ಹಿಡಿದೆವು. "ಮ್ಯುಸ್-ಕ್ಯು-ಲೇರ್" ಅಂದ ಆತ. ಪುಸ್ತಕದಲ್ಲಿ ನಾಲ್ಕು ತುಂಡು, ಅವನ ಬಾಯಲ್ಲಿ ಮೂರೇ! ದೊಡ್ಡಪ್ಪ ನಾಲ್ಕು ಬೆರಳೆತ್ತಿ ಉಳಿದ ಒಂದಕ್ಕಾಗಿ ಕಾದೇ ಕಾದರು. ಕೊನೆಗೆ, ಪಕ್ಕೆಲುಬಿನ ವಿಶೇಷಣವನ್ನಾದರೂ ಸರಿಯಾಗಿ ಹೇಳಲಿ ಎಂದು ಆತನ ಪಕ್ಕೆಗೇ ಬೆರಳಿಟ್ಟು ಒತ್ತಿದರು. ಆತ ಓಡಿದ ಓಟವೇ ಓಟ!

ತಿಂಗಳುಗಳು ಉರುಳಿದವು. ದೊಡ್ಡಮ್ಮ ಮಾತಿನಲ್ಲೇ ನನ್ನನ್ನು ಕುಟ್ಟಿ ಪುಡಿ ಮಾಡಿದರು: "ಯಾವ ಸೀಮೆ ಬಿ.ಎ.ನ್ಲಾ ನೀನು? ಊಟಕ್ಕೆ ಕೈ ಸನ್ನೆ ಮಾಡ್ತಾವ್ರೆ, ನೀನು ಪರಂಗಿ ಮೂಳೆ ಎಣಿಸ್ಕೊಂಡು ಕುಂತಿದ್ದೀಯ! ಮಾತು ಬತ್ತದೋ ಇಲ್ವೋ, ಅದನ್ ಏಳು!"

ದೊಡ್ಡಪ್ಪನ ಮಾತು ನನ್ನ ಕೈಯಲ್ಲೇ ಸತ್ತುಹೋಗುತ್ತಿದೆ ಅನ್ನಿಸಿತು. ಒಂದು ಸಂಜೆ ತಡೆಯಲಾರದೆ ಪುಸ್ತಕ ಮುಚ್ಚಿಬಿಟ್ಟೆ. "ಒಂದೇ ಒಂದು ಕನ್ನಡದ ಮಾತಾಡಿ ದೊಡ್ಡಪ್ಪ, ನಿಮ್ ಕಾಲಿಗೆ ಬೀಳ್ತೀನಿ!"

ದೊಡ್ಡಪ್ಪ ಬೀದಿಯ ಕಡೆ ನೋಡಿದರು. ಯಾರೂ ಇರಲಿಲ್ಲ.

"ಕನ್... ನಡ ತೊದ್... ಲಿದ್ರೆ ಎಲ್ರೂ ನಗ್... ತಾರೆ ಕಣ್... ಲಾ. ಈ ಪರಂ... ಗಿದು ತಪ್... ಪಾದ್ರೆ... ನಿಂಗೂ ಗೊತ್ತಾ... ಗಾಕಿಲ್ಲ."

ಆಸ್ಪತ್ರೆಯಿಂದ ಬಂದ ದಿನ ಅವರು ತೊದಲುತ್ತಾ ಏನೋ ಕೇಳಿದಾಗ, ನೋಡಲು ಬಂದಿದ್ದವರೆಲ್ಲ ನಕ್ಕಿದ್ದರು. ನಾನೂ ನಕ್ಕಿದ್ದೆ.

ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಅವರ ಪಕ್ಕದಲ್ಲಿ ಕೂತೆ. "ಇನ್ನೊಂದ್ಸಲ ಹೇಳಿ ದೊಡ್ಡಪ್ಪ" ಎಂದೆ.