ಬೇಗ ಎದ್ದವರ ಬಡ್ತಿ

ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಹಾಸಿಗೆಯ ಮೇಲೆ ಪ್ರೀತಿ ಇರುವುದು ತಪ್ಪಲ್ಲ. ನಮ್ಮ ಮಾರಾಟಗಾರ ಮಹಾಶಯರಿಗೆ ಆ ಪ್ರೀತಿ ತುಸು ಹೆಚ್ಚೇ ಇತ್ತು. ಬಿಸಿಲು ಕಿಟಕಿ ದಾಟಿ ಬಂದು ಮೂಗಿನ ಮೇಲೆ ಕೂತರೂ ಏಳುವವರ ಪೈಕಿ ಅಲ್ಲ. ಅಂಥವರು ಒಂದು ದಿನ ಊಟದ ನಡುವೆ, "ನಾಳೆಯಿಂದ ನಾನು ನಾಲ್ಕು ಗಂಟೆಗೇ ಏಳ್ತೀನಿ" ಎಂದು ಘೋಷಿಸಿದಾಗ ಹೆಂಡತಿಯ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು.

"ಯಾಕ್ರೀ, ಮೈ ಹುಷಾರಿಲ್ವಾ?"

ಮೈ ಹುಷಾರಾಗಿಯೇ ಇತ್ತು. ಅಂಗಡಿಯ ಧಣಿಗಳು ರೈಲು ಸೇತುವೆಯ ಆಚೆ ಎರಡನೇ ಅಂಗಡಿ ತೆರೆಯುವವರಿದ್ದರು, ಅದಕ್ಕೊಬ್ಬ ಮ್ಯಾನೇಜರ್ ಬೇಕಿತ್ತು. ಆ ಕುರ್ಚಿಯ ಮೇಲೆ ನಮ್ಮವರಿಗೂ ಕಣ್ಣು, ಜೊತೆಗೆ ಕೆಲಸ ಮಾಡುವ ಮೀಸೆಯವನಿಗೂ ಕಣ್ಣು. (ಮೀಸೆಯವನು ದಿನಾ ತಡವಾಗಿ ಬರುತ್ತಿದ್ದ, ಬಂದಮೇಲೂ ಮೀಸೆ ತೀಡಿ ಮುಗಿಯುವವರೆಗೆ ಗಿರಾಕಿಗಳು ಕಾಯಬೇಕಿತ್ತು.) ಹೀಗಿರುವಾಗ ಮೊಬೈಲಿನಲ್ಲಿ ಒಬ್ಬ ಭಾಷಣಕಾರ ಬೆರಳು ಆಡಿಸಿ ಹೇಳಿದ್ದ: ಎದ್ದವನೇ ಗೆದ್ದ!

"ಹಾಲಿನವನು ದಿನಾ ನಾಲ್ಕಕ್ಕೇ ಏಳ್ತಾನೆ. ಅವನು ಏನು ಗೆದ್ದಿದಾನೆ?" ಎಂದಳು ಹೆಂಡತಿ.

"ಅವನು ಗುರಿ ಇಲ್ಲದೆ ಏಳ್ತಾನೆ ಕಣೇ. ನಾನು ಗುರಿ ಇಟ್ಕೊಂಡು ಏಳ್ತೀನಿ."

ಮರುದಿನ ಅಲಾರಂ ಬಡಿದುಕೊಂಡಿತು. ಮೊದಲು ಎದ್ದವಳು ಹೆಂಡತಿ, ಆಮೇಲೆ ಪಕ್ಕದ ಮನೆಯವರು, ಆಮೇಲೆ ಅವರ ನಾಯಿ. ಕಟ್ಟಕಡೆಗೆ ಮಹಾಶಯರು. ಎದ್ದದ್ದೇನೋ ಆಯಿತು, ಆದರೆ ಮುಂದೇನು? ಭಾಷಣಕಾರ ಏಳುವುದನ್ನು ಹೇಳಿದ್ದನೇ ಹೊರತು ಎದ್ದು ಏನು ಮಾಡಬೇಕೆಂದು ಬಾಯಿ ಬಿಟ್ಟಿರಲಿಲ್ಲ. ಕತ್ತಲಲ್ಲಿ ದಂಡ ಹೊಡೆಯಲು ಹೋಗಿ ಕುರ್ಚಿ ಬೀಳಿಸಿದರು. ಅಡುಗೆಮನೆಯಲ್ಲಿ ಕಾಫಿಪುಡಿ ಹುಡುಕುತ್ತಾ ಪಾತ್ರೆಗಳ ಗೋಪುರವನ್ನೇ ಉರುಳಿಸಿದರು.

"ರೀ, ಉದ್ಧಾರ ಆಗೋರು ಸದ್ದು ಮಾಡದೆ ಉದ್ಧಾರ ಆಗಿ!" ಎಂದು ಒಳಗಿನಿಂದ ಕೂಗು ಬಂತು.

ಒಂದು ವಾರ ಹೀಗೇ ನಡೆಯಿತು. ಅಂಗಡಿಗೆ ಎಲ್ಲರಿಗಿಂತ ಮೊದಲು ಹೋಗಿ, ಬೀಗ ಹಾಕಿದ ಬಾಗಿಲ ಮುಂದೆ ದ್ವಾರಪಾಲಕನಂತೆ ನಿಲ್ಲುತ್ತಿದ್ದರು. ಬೆಳಿಗ್ಗೆ ಚುರುಕೋ ಚುರುಕು. ಮಧ್ಯಾಹ್ನವಾದರೆ ಮಾತ್ರ ರೆಪ್ಪೆಗಳು ಗೋಣಿಚೀಲದಷ್ಟು ಭಾರ.

ಅಂಥದೊಂದು ಮಧ್ಯಾಹ್ನ, ಧಣಿಗಳೂ ಅಂಗಡಿಯಲ್ಲೇ ಇದ್ದಾಗ, ವಯಸ್ಸಾದ ಗಂಡ ಹೆಂಡತಿ ಹಾಸಿಗೆ ಕೊಳ್ಳಲು ಬಂದರು. ಗಂಡನಿಗೆ ನಿದ್ದೆ ಬರದ ಕಾಯಿಲೆ. ನಮ್ಮವರು ಉತ್ಸಾಹದಿಂದ ಒಂದು ಹಾಸಿಗೆಯ ಮೇಲೆ ಒರಗಿ, "ನೋಡಿ ಅಮ್ಮಾ, ಹೀಗೆ ಬೆನ್ನು ಊರಿದ್ರೆ ಸಾಕು..." ಎಂದರು. ಸಾಕೇ ಆಯಿತು. ಮುಂದಿನ ಮಾತು ಗೊರಕೆಯಾಗಿ ಹೊರಬಂತು.

ಧಣಿಗಳ ಮುಖ ಕೆಂಡವಾಯಿತು. ಎಬ್ಬಿಸಲು ನುಗ್ಗಿದವರನ್ನು ಮುದುಕಿ ತಡೆದಳು. "ಶ್! ಎಬ್ಬಿಸ್ಬೇಡಿ ಸ್ವಾಮಿ. ಪಾಪ, ಮಾತಾಡ್ತಾ ಮಾತಾಡ್ತಾನೇ ಹೋಗ್ಬಿಟ್ರಲ್ಲ! ನಮ್ಮನೆಯವರಿಗೂ ಇದನ್ನೇ ಕೊಡಿ. ಬೇರೆ ಬೇಡ, ಇದೇ!"

ಕೂಲಿಗಳು ಹಾಸಿಗೆ ಎತ್ತಿದಾಗ ಉರುಳಿ ನೆಲಕ್ಕೆ ಬಿದ್ದು ಮಹಾಶಯರಿಗೆ ಎಚ್ಚರವಾಯಿತು. ಸುತ್ತ ನಿಂತಿದ್ದ ಗಿರಾಕಿಗಳೆಲ್ಲ, "ನಮಗೂ ಇಂಥದ್ದೇ ಇರ್ಲಿ" ಎನ್ನುತ್ತಿದ್ದರು. ಆದರೆ ಇವರ ಕಿವಿಗೆ ಬಿದ್ದದ್ದು ಧಣಿಗಳ ಮಾತೊಂದೇ: "ಒಳಗೆ ಬನ್ನಿ."

ಕೆಲಸ ಹೋಯಿತೆಂದುಕೊಂಡೇ ಒಳಗೆ ಕಾಲಿಟ್ಟರು.

"ಇಂಥ ನಿದ್ದೆ ನಿಮಗೆ ಹೇಗ್ರೀ ಬರುತ್ತೆ?"

"ಬೇಗ... ಬೇಗ ಏಳ್ತೀನಿ ಸರ್."

"ಭೇಷ್! ಹೊಸ ಅಂಗಡಿಗೆ ನಿಮ್ಮನ್ನೇ ಹಾಕಿದೀನಿ. ಸಂಬಳಾನೂ ಹೆಚ್ಚು."

ಮಹಾಶಯರ ಕಣ್ಣಲ್ಲಿ ನೀರು ಬಂತು. "ಮ್ಯಾನೇಜರ್ ಆಗಿ..."

"ಅದಕ್ಕೆ ಮೀಸೆ ಇದಾನೆ. ನೀವು ಮುಂದಿನ ಗಾಜಿನ ಕಿಟಕಿಯಲ್ಲಿ ಮಲಗೋರು."

ಹೀಗೆ ಹೊಸ ಅಂಗಡಿ ತೆರೆದ ದಿನ ಅವರ ಪಟ್ಟಾಭಿಷೇಕ ಪಟ್ಟೆಪಟ್ಟೆಯ ಪೈಜಾಮದಲ್ಲಿ ನಡೆಯಿತು. ರಸ್ತೆಯ ಜನ ಗಾಜಿಗೆ ಮೂಗು ಒತ್ತಿ ನೋಡಿದರು. ಒಳಗೆ ನಮ್ಮವರು ಲೋಕದ ಪರಿವೆಯಿಲ್ಲದೆ ಗೊರಕೆ ಹೊಡೆದರು. ಹೆಂಡತಿ ತನ್ನ ಅಕ್ಕನನ್ನು ಕರೆತಂದು ತೋರಿಸಿದಳು. "ನೋಡಕ್ಕಾ, ನಮ್ಮನೆಯವರು ಕೆಲಸದಲ್ಲಿ ಎಷ್ಟು ಮಗ್ನರಾಗಿದಾರೆ!"

ಆ ಸಂಜೆ ಮಹಾಶಯರು ಕಾಲು ಚಾಚಿ ಕೂತು, "ಮಲಗೋಕೇ ಸಂಬಳ ಬರುವಾಗ ಇನ್ಯಾಕೆ ಬೇಗ ಏಳ್ಬೇಕು?" ಎಂದು ಅಲಾರಂ ತೆಗೆದಿಟ್ಟರು. ಹಿತವಾಗಿ ಬೆಳಗಾಗುವವರೆಗೂ ಮಲಗಿದರು. ಎಡವಟ್ಟಾದದ್ದೇ ಅಲ್ಲಿ. ಮರುದಿನ ಕಿಟಕಿಯಲ್ಲಿ ಕಣ್ಣು ಮುಚ್ಚಿದರೆ ನಿದ್ದೆಯೇ ಇಲ್ಲ! ಈ ಮಗ್ಗುಲು, ಆ ಮಗ್ಗುಲು, ಬೋರಲು, ಅಂಗಾತ. ಗಾಜಿನಾಚೆ ಒಬ್ಬಾಕೆ ತನ್ನ ಗಂಡನನ್ನು ಎಳೆದು, "ಬನ್ರೀ ಹೋಗೋಣ. ಈ ಹಾಸಿಗೇಲಿ ಅವರಿಗೇ ನಿದ್ದೆ ಬರ್ತಿಲ್ಲ" ಎಂದದ್ದು ಮೀಸೆಯವನ ಕಿವಿಗೂ ಬಿತ್ತು. ಮೀಸೆಯವನಿಂದ ಧಣಿಗಳಿಗೆ, ಧಣಿಗಳಿಂದ ನೇರ ಫೋನಿನಲ್ಲಿ ಹೆಂಡತಿಗೆ.

ಮುಂದಿನ ದಿನ ಕೋಳಿಯೂ ಕೂಗಿರಲಿಲ್ಲ, ಹೊದಿಕೆ ಸರ್ರನೆ ಸರಿಯಿತು.

"ಏಳ್ರೀ, ಮೂರು ಗಂಟೆ. ಡ್ಯೂಟಿಗೆ ನಿದ್ದೆ ಬರ್ಬೇಕೋ ಬೇಡ್ವೋ?"

"ಅಯ್ಯೋ, ಇಷ್ಟು ಹೊತ್ತಿಗೆ ಎದ್ದು ಏನೇ ಮಾಡ್ಲಿ?"

"ಬಟ್ಟೆ ಇಸ್ತ್ರಿ ಮಾಡಿ, ಮನೆ ಒರೆಸಿ, ನೀರು ಹಿಡಿದಿಡಿ. ಕಾಫಿ ಆದ್ಮೇಲೆ ನನ್ನ ಎಬ್ಬಿಸಿ" ಎಂದವಳೇ ಹೆಂಡತಿ ಅವರ ಹೊದಿಕೆಯನ್ನೂ ತನ್ನ ಮೇಲೆ ಎಳೆದುಕೊಂಡು ಮಗ್ಗುಲಾದಳು. "ಪಾತ್ರೆ ಮಾತ್ರ ಮೆತ್ತಗೆ ತೊಳೀರಿ."