ಎರಡೂವರೆ ವರ್ಷದ ಗೇಟ್ ಸೆಕ್ಯುರಿಟಿ

ಮನೆಯಲ್ಲಿ ಎರಡೂವರೆ ವರ್ಷದ ಕೂಸೊಂದಿದ್ದರೆ ನಗುವಂಥದ್ದು ದಿನಕ್ಕೆ ನಾಲ್ಕು ಸಲವಾದರೂ ನಡೆಯುತ್ತದೆ. ಆಗ ನಗುವುದಕ್ಕೆ ಪುರುಸೊತ್ತು ಇರುವುದಿಲ್ಲ, ಅಷ್ಟೆ. ಆಗ ನಗದೇ ಬಿಟ್ಟಿದ್ದನ್ನೆಲ್ಲ ನಾನು ಈಗ ಒಬ್ಬನೇ ಕೂತು ನಗುತ್ತಿರುತ್ತೇನೆ. ನಗುತ್ತ ನಗುತ್ತ ಒಮ್ಮೊಮ್ಮೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಗುತ್ತದೆ.

ಇದು ಹೈದರಾಬಾದಿನ ಮಾತು, ಪರಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದ್ದು. ನಾನು ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿದ್ದೆ. ಹಿಮಾಯತ್‌ನಗರದ ಹಿಂದಿನ ಗಲ್ಲಿಯಲ್ಲಿ, ಮೊದಲನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ನನ್ನ ಹೆಂಡತಿಯ ಕಚೇರಿ. ಆಕೆಗೆ ಬಡ್ತಿ ಬಂತು, ಅದರ ಬೆನ್ನಿಗೇ ನಾಗಪುರದಲ್ಲಿ ಎಂಟು ವಾರ ತರಬೇತಿ. ತರಬೇತಿಗೆ ಹೋಗದಿದ್ದರೆ ಬಡ್ತಿ ಇಲ್ಲ. ಅದೇ ವಾರ ನಾನು ಕಾರ್ಖಾನೆಯ ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡೆ. ಬಸ್ಸು ಓಡುತ್ತಿತ್ತೇನು ಎಂದು ನೋಡಲು ಬಂದವರೆಲ್ಲ ಕೇಳಿದರು. ಇಲ್ಲ, ನಿಂತಿತ್ತು.

ಗದಗಿನಿಂದ ನಮ್ಮವ್ವನನ್ನು ಕರೆಸಿದೆವು. ಮಗಳು ಆಕೆಯನ್ನು ಆಯಿ ಎನ್ನುತ್ತಿದ್ದಳು, ಹಾಗಾಗಿ ಇಲ್ಲಿಯೂ ಆಯಿಯೇ ಇರಲಿ. ಅಡಿಗೆ ಆಯಿಯದು, ಕೂಸನ್ನು ಆಡಿಸುವುದು ನನ್ನದು ಎಂದು ತೀರ್ಮಾನವಾಯಿತು. ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಪೆಟ್ಟಿಗೆಯ ಮುಂದೆ ಕೂತವಳು ಏಳಲೇ ಇಲ್ಲ.

“ಎಂಟು ವಾರ ಆದ ಮ್ಯಾಲ ಆಕಿ ನನ್ನ ಗುರುತ ಹಿಡೀತಾಳೇನ್ರಿ?” ಎಂದಳು.

“ಹಿಡೀದ ಏನ್ ಮಾಡ್ತಾಳ? ನಾ ಅದೀನಲ್ಲ, ನೀ ನಿಶ್ಚಿಂತಿ ಹೋಗು” ಎಂದೆ. ಒಳಗೊಳಗೆ ನನಗೂ ಅದೇ ಭಯವಿತ್ತು. ಅಷ್ಟು ಸಣ್ಣ ಕೂಸಿಗೆ ಎಂಟು ವಾರ ಎಂದರೆ ಎಷ್ಟು ದೊಡ್ಡದು ಎಂದು ಯಾರಿಗೆ ಗೊತ್ತು.

೧. ಆಯಿಯ ಪಾಸು

ಮೊದಲೆರಡು ದಿನದಲ್ಲೇ ನಾನು ಬಲ್ಲ ಆಟಗಳೆಲ್ಲ ಮುಗಿದವು. ಆನೆಯಾಗೋಣವೆಂದರೆ ಒಂದು ಕಾಲು ಪ್ಲಾಸ್ಟರಿನಲ್ಲಿತ್ತು. ಕಾಗೆ ಗುಬ್ಬಿ ಕಥೆಯನ್ನು ಒಂದೇ ಮಧ್ಯಾಹ್ನ ಹನ್ನೊಂದು ಸಲ ಹೇಳಿದೆ. ಮೂರನೆಯ ದಿನ ಮಗಳು ಕಪಾಟಿನಿಂದ ಅವ್ವನ ಸೀರೆ ಎಳೆದುಕೊಂಡು, ಅದನ್ನು ಸುತ್ತಿಕೊಂಡು ಮೂಲೆಯಲ್ಲಿ ಕೂತಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ, ಸುಮ್ಮನೆ ಕೂತಿದ್ದಳು.

ಕೂತಲ್ಲಿಂದಲೇ ಆಡಿಸುವ ಆಟವೊಂದು ಬೇಕಿತ್ತು. ಕಣ್ಣು ಮುಚ್ಚಿಯೂ ಹೇಳುವಷ್ಟು ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಕಾರ್ಖಾನೆಯ ಗೇಟು. ಅಲ್ಲಿ ಪಾಸ್ ತೋರಿಸದೆ ನೊಣವೂ ಒಳಗೆ ಹೋಗುವಂತಿಲ್ಲ. ಸಂಜೆ ಹೊರಗೆ ಬರುವಾಗ ನಟ್ಟು ಬೋಲ್ಟು ಏನಾದರೂ ಮನೆಗೆ ಹೊರಟಿದೆಯೋ ಎಂದು ಸೆಕ್ಯುರಿಟಿಯವನು “ಡಬ್ಬಾ ಖೋಲೊ” ಎಂದು ಪ್ರತಿಯೊಬ್ಬರ ಊಟದ ಡಬ್ಬಿ ತೆಗೆಸಿ ನೋಡುತ್ತಾನೆ. ಬಾಗಿಲಿಗೆ ಅಡ್ಡ ಒಂದು ಸ್ಟೂಲು ಇಡಿಸಿ, ಮಗಳ ತಲೆಗೆ ನನ್ನ ಟೊಪ್ಪಿಗೆ ಹಾಕಿ, “ಪಾಸ್?”, “ಡಬ್ಬಾ ಖೋಲೊ” ಎಂಬ ಎರಡು ಮಾತು ಕಲಿಸಿದೆ. ಕಲಿಯಲು ಅವಳಿಗೆ ಒಂದು ನಿಮಿಷ ಹಿಡಿಯಿತು. ಮರೆಸಲು ನಮಗೆ ಮುಂದೆ ಒಂದು ವರ್ಷ ಹಿಡಿಯಿತು.

ಮೊದಲು ಸಿಕ್ಕಿಬಿದ್ದವಳು ಆಯಿ. ಕೆಳಗಿನ ಮನೆಯ ತೆಲುಗು ಅಮ್ಮನ ಜೊತೆ ಬೇಗಂ ಬಜಾರಿಗೆ ಹೋಗಿ, ಮೆಣಸಿನಕಾಯಿ ಬೆಲ್ಲ ಹೊತ್ತು, ಬೆವರು ಸುರಿಸುತ್ತ ಬಂದಳು.

“ಪಾಸ್?”

“ಎಂಥಾ ಪಾಸ್ ಬೇ? ಸರಿ ಅತ್ತಾಗ.”

“ಪಾಸ್ ಇಲ್ಲ, ಒಳಗ ಇಲ್ಲ.”

ಆಯಿ ನನ್ನ ಕಡೆ ತಿರುಗಿದಳು. “ಏನೋ ಇದು? ಹಡದ ಮಗನ ಮನಿಗೆ ಬರಾಕ ನಾ ಪಾಸ್ ತೋರಸಬೇಕೇನು?”

“ತೋರಿಸಿಬಿಡವ್ವ. ಆಕಿ ಮೂಲಿ ಬಿಟ್ಟು ಎದ್ದು ಬಂದಾಳ” ಎಂದೆ. 

ಆಯಿ ಒಂದು ಕ್ಷಣ ಮೊಮ್ಮಗಳ ಮುಖ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಸಿಟಿ ಬಸ್ಸಿನ ಟಿಕೀಟು ತೆಗೆದು ಕೊಟ್ಟಳು. ಮಗಳು ಅದನ್ನು ಹಿಂದೆ ಮುಂದೆ ನೋಡಿ ವಾಪಸು ಕೊಟ್ಟಳು. ಮರುದಿನದಿಂದ ಆಯಿ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಲು ಹೋಗುವಾಗಲೂ ಆ ಟಿಕೀಟನ್ನು ಗಂಟು ಹಾಕಿಕೊಂಡೇ ಹೋಗತೊಡಗಿದಳು.

೨. ಸಾಹೇಬರ ಡಬ್ಬಿ

ನಮ್ಮ ವಿಭಾಗದ ಸಾಹೇಬರು ಒಂದು ಮಧ್ಯಾಹ್ನ ನನ್ನನ್ನು ನೋಡಲು ಬಂದರು. ರಾಜಮಂಡ್ರಿ ಕಡೆಯವರು, ಗಂಭೀರ ಮನುಷ್ಯ. ಗೇಟಿನಲ್ಲಿ ತಪಾಸಣೆ ಬಿಗಿಯಾಗಿರಬೇಕು ಎಂದು ನೋಟಿಸು ಹಚ್ಚಿಸಿದವರು ಅವರೇ. ಬಾಗಿಲಲ್ಲಿ ಟೊಪ್ಪಿಗೆ ಹಾಕಿದ ಮೂರು ಗೇಣು ಸೆಕ್ಯುರಿಟಿಯನ್ನು ಕಂಡು ಅವರಿಗೆ ಭಾರಿ ಖುಷಿಯಾಯಿತು. ಕೇಳುವ ಮೊದಲೇ ಜೇಬಿನಿಂದ ಗುರುತಿನ ಚೀಟಿ ತೆಗೆದು ಬಾಗಿ ತೋರಿಸಿದರು.

“ಡಬ್ಬಾ ಖೋಲೊ” ಎಂದಳು ಮಗಳು.

ಸಾಹೇಬರ ನಗು ಅಲ್ಲೇ ನಿಂತಿತು. “ಡಬ್ಬಾ ಬೇಡಮ್ಮಾ, ಅದರಲ್ಲೇನೂ ಇಲ್ಲ” ಎಂದು ತೆಲುಗಿನಲ್ಲಿ ಪುಸಲಾಯಿಸಿದರು. ಇದೇ ಮಾತನ್ನು ನಾವೆಲ್ಲ ಕಾರ್ಖಾನೆಯ ಗೇಟಿನಲ್ಲಿ ಹೇಳಿ ನೋಡಿದ್ದೆವು, ನಡೆದಿರಲಿಲ್ಲ. ಇಲ್ಲಿಯೂ ನಡೆಯಲಿಲ್ಲ. ಅವರು ಬ್ಯಾಗಿನಿಂದ ಡಬ್ಬಿ ತೆಗೆದು, ಒಂದೊಂದೇ ಪದರ ಬಿಚ್ಚಿದರು. ಮೇಲಿನದರಲ್ಲಿ ಉಪ್ಪಿಲ್ಲದ ಪಲ್ಯ, ಮುಟ್ಟಿಯೇ ಇರಲಿಲ್ಲ. ನಡುವಿನದರಲ್ಲಿ ಒಣ ಚಪಾತಿ, ಅದೂ ಹಾಗೆಯೇ. ಕೆಳಗಿನದರಲ್ಲಿ ಎಣ್ಣೆಯಲ್ಲಿ ನೆಂದ ಕಾಗದ ಸುತ್ತಿದ ನಾಲ್ಕು ಮಿರ್ಚಿ ಭಜಿ.

ಡಾಕ್ಟರು ಎಣ್ಣೆ ಬಿಡಿಸಿ ವರ್ಷವಾಗಿತ್ತು ಎಂಬುದು ಇಡೀ ವಿಭಾಗಕ್ಕೆ ಗೊತ್ತಿತ್ತು. ಸಾಹೇಬರು ನನ್ನ ಮಂಚದ ಅಂಚಿಗೆ ಕೂತು, “ಮಾ ಇಂಟ್ಲೊ ಚೆಪ್ಪಕಂಡಿ” ಎಂದರು. ಮನೆಯಲ್ಲಿ ಹೇಳಬೇಡಿ ಎಂದು. ಎರಡು ಭಜಿ ಅವರು ತಿಂದರು, ಎರಡು ನಾನು. ಕಾಲು ಮುರಿದ ಮೇಲೆ ಮೊದಲ ಸಲ ನನಗೆ ಬಾಯಿರುಚಿ ಹತ್ತಿತು. ಮುಂದಿನ ವಾರದಿಂದ ಕಾರ್ಖಾನೆಯಲ್ಲಿ ಡಬ್ಬಿ ತಪಾಸಣೆ ಸ್ವಲ್ಪ ಸಡಿಲಾಯಿತಂತೆ.

೩. ಮೂರು ನಿಮಿಷ

ಫೋನಿದ್ದದ್ದು ಕೆಳಗಿನ ಮನೆಯ ಅಮ್ಮನಲ್ಲಿ. ಪ್ರತಿ ಭಾನುವಾರ ಹನ್ನೊಂದಕ್ಕೆ ನಾಗಪುರದಿಂದ ಟ್ರಂಕ್ ಕಾಲ್. ನಾನು ಹತ್ತೂವರೆಗೇ ಮೆಟ್ಟಿಲ ಮೇಲೆ ಕುಂಡೆ ಊರಿ, ಒಂದೊಂದೇ ಮೆಟ್ಟಿಲು ಜಾರುತ್ತ ಇಳಿಯಲು ಶುರು ಮಾಡುತ್ತಿದ್ದೆ. ಮಗಳು ನನ್ನ ಜೊತೆ ತಾನೂ ಹಾಗೆಯೇ ಇಳಿಯುತ್ತಿದ್ದಳು. ಮೆಟ್ಟಿಲು ಇಳಿಯುವ ರೀತಿಯೇ ಅದು ಎಂದು ತಿಳಿದಿದ್ದಳು.

ವಾರವೆಲ್ಲ ಬಾಯಿ ಮುಚ್ಚದ ಹುಡುಗಿ ರಿಸೀವರು ಕಿವಿಗೆ ಇಟ್ಟ ಕೂಡಲೇ ಗಪ್‌ಚುಪ್. ಆ ಕಡೆಯಿಂದ ಅವ್ವ “ಉಂಡ್ಯಾ?” ಎಂದರೆ ತಲೆ ಆಡಿಸುತ್ತಾಳೆ. “ನನ್ನ ನೆನಪು ಬರತೈತೇನ?” ಎಂದರೂ ತಲೆ ಆಡಿಸುತ್ತಾಳೆ.

ಒಂದು ಭಾನುವಾರ ನಾನು ರಿಸೀವರು ಇಸಿದುಕೊಂಡು, “ತಲಿ ಆಡಸ್ಯಾಳ ನೋಡು” ಎಂದೆ.

“ಹೆಂಗ್ ಆಡಸಿದಳ್ರಿ? ಹೌದಂತೋ, ಇಲ್ಲಂತೋ?”

“ಹೌದಂತ.”

“ಖರೇನೂ? ಮ್ಯಾಲ ಕೆಳಗ ಆಡಸಿದಳೇನು? ಇನ್ನೊಮ್ಮೆ ಕೇಳ್ರಿ.”

ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಆಡಿಸಿದಳು. “ಮ್ಯಾಲ ಕೆಳಗನ” ಎಂದೆ. ಆ ಕಡೆಯಿಂದ ಮೂಗು ಏರಿಸಿದ ಸಪ್ಪಳ. ನಾನೂ ಫೋನಿನಲ್ಲಿ ತಲೆ ಆಡಿಸಿದೆ. ಗಂಡ ಹೆಂಡಿರು ಹೇಳಬೇಕೆಂದು ವಾರವಿಡೀ ಕೂಡಿಟ್ಟ ಮಾತೆಲ್ಲ ಹಾಗೇ ಉಳಿದು ಮೂರು ನಿಮಿಷ ಮುಗಿಯಿತು, ಲೈನು ಕಟ್ಟಾಯಿತು.

ಆಗ ಮಗಳು ರಿಸೀವರು ಕಸಿದುಕೊಂಡು ಶುರು ಮಾಡಿದಳು. “ಅವ್ವಾ, ಆಯಿ ಪಾಸ್ ತೋರಸ್ಲಿಲ್ಲ. ಅವ್ವಾ, ಅಪ್ಪ ಭಜಿ ತಿಂದ. ಅವ್ವಾ, ಬೆಕ್ಕಿಗೆ ಪಾಸ್ ಇಲ್ಲ. ನೀ ಯಾವಾಗ ಬರ್ತಿ? ಅವ್ವಾ, ಬೆಕ್ಕಿಗೆ ಪಾಸ್ ಇಲ್ಲ.” ಸತ್ತ ಫೋನಿನೊಳಗೆ ಅರ್ಧ ತಾಸು ವರದಿ ನಡೆಯಿತು. ಕನ್ನಡದ ಒಂದಕ್ಷರ ಬಾರದ ಕೆಳಗಿನ ಮನೆಯ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಪೂರ್ತಿ ಕೇಳಿದರು. ಅವರ ಒಲೆಯ ಮೇಲಿನ ಹಾಲು ಉಕ್ಕಿ, ಸುರಿದು, ಸೀದು ಹೋಯಿತು. ನಾನು ಮನೆಗೆ ಬಂದು ಆ ಮಾತನ್ನೆಲ್ಲ ಒಂದೂ ಬಿಡದೆ ಕಾಗದದಲ್ಲಿ ಬರೆದು ನಾಗಪುರಕ್ಕೆ ಹಾಕಿದೆ. ಆ ಕಡೆಯಿಂದ ಬಂದ ಉತ್ತರದ ಮೊದಲ ಸಾಲು, “ನೀವು ಭಜಿ ತಿಂದದ್ದು ಯಾಕೆ?” ಎಂದಿತ್ತು.

೪. ಪ್ಲಾಸ್ಟರಿನ ಮೇಲಿನ ಹೆಂಗಸು

ಐದನೆಯ ವಾರ ನಾನು ನಿದ್ದೆ ಮಾಡುತ್ತಿದ್ದಾಗ ಮಗಳು ನನ್ನ ಪೆನ್ನಿನಿಂದ ಪ್ಲಾಸ್ಟರಿನ ಮೇಲೆ ಒಂದು ಸುತ್ತು, ಸುತ್ತಿನಿಂದ ಕೆಳಗೆ ಎರಡು ಗೆರೆ, ತಲೆಯ ಮೇಲೆ ಒಂದು ಹುತ್ತದಂಥ ತುರುಬು ಬರೆದಿದ್ದಳು. “ಇದು ಯಾರ?” ಎಂದೆ. “ಅವ್ವ” ಎಂದಳು. ಮರೆತಿಲ್ಲ ಎಂದು ಸಮಾಧಾನವಾಯಿತು. ಆದರೆ ಅವತ್ತಿನಿಂದ ಅವಳು ಹಾಲು ಕುಡಿಯುವುದು, ಮಾತಾಡುವುದು, ಜಗಳ ಕಾಯುವುದು ಎಲ್ಲ ನನ್ನ ಮೊಣಕಾಲ ಕೆಳಗಿನ ಅವ್ವನ ಜೊತೆ. ನಾನು ಕಾಲು ಸರಿಸಿದರೆ “ಅವ್ವ ಮಲಗ್ಯಾಳ” ಎಂದು ಬೈಗುಳ.

ಆರನೆಯ ವಾರ ಪ್ಲಾಸ್ಟರು ತೆಗೆಸಲು ದವಾಖಾನೆಗೆ ಹೋದಾಗ ಅವಳನ್ನೂ ಕರೆದೊಯ್ಯಬೇಕಾಯಿತು. ಕಂಪೌಂಡರು ದೊಡ್ಡ ಕತ್ತರಿ ತೆಗೆದದ್ದೇ ತಡ, ಎರಡೂ ಕೈ ಚಾಚಿ ನನ್ನ ಕಾಲಿನ ಮೇಲೆ ಅಡ್ಡ ಬಿದ್ದಳು. “ಅವ್ವನ್ನ ಕೊಯ್ಯಬ್ಯಾಡ್ರಿ.”

ಕಂಪೌಂಡರು ಹಳೇ ಪಟ್ಟಣದ ಸಾಯಬರು. ಏನಂತೆ ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಕತ್ತರಿ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಚಿತ್ರವನ್ನು ನೋಡಿ, “ಅಮ್ಮಾ ಕೂ ಕುಚ್ ನೈ ಹೋತಾ ಬೇಟಾ” ಎಂದರು. ಅಮ್ಮನಿಗೆ ಏನೂ ಆಗುವುದಿಲ್ಲ ಮಗಳೇ ಎಂದು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ತಾಸು ತೆಗೆದುಕೊಂಡು, ತುರುಬಿಗೂ ಧಕ್ಕೆಯಾಗದಂತೆ ಸುತ್ತು ಬಳಸಿ ಕತ್ತರಿಸಿ, ಆ ತುಂಡನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು. ಆರು ವಾರದ ಬೆವರಿನ ವಾಸನೆಯ ಆ ತುಂಡು ಮಗಳ ದಿಂಬಿನ ಪಕ್ಕ ಮಲಗಿತು.

ಆಯಿ ಮೂಗು ಮುಚ್ಚಿಕೊಂಡು, “ಇಕಿ ನನ್ನ ಮಗನಿಗೆ ಗಂಟುಬಿದ್ದಾಳ ಅಂತ ಲಗ್ನದಾಗ ಅಂದಿದ್ದೆ. ಡಾಕ್ಟರು ಕೊಯ್ದು ತಗದ್ರೂ ಬಿಡವಲ್ಲಳಲ್ಲೋ” ಎಂದಳು.

೫. ಒಳಗೆ ಬಂದವರು

ಎಂಟು ವಾರ ಮುಗಿದ ಶನಿವಾರ ಮುಂಜಾನೆ ರಿಕ್ಷಾ ನಿಂತ ಸಪ್ಪಳವಾಯಿತು. ನಾನು ಕೋಲು ಹಿಡಿದು ನಿಲ್ಲುವಂತಾಗಿದ್ದೆ. ಆದರೂ ಬಾಗಿಲಿಗೆ ಹೋಗಲಿಲ್ಲ. ನಾನೂ ಆಯಿಯೂ ಅಡಿಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತೆವು. ತಲೆಬಾಗಿಲಲ್ಲಿ ಮಗಳು ಡ್ಯೂಟಿಯಲ್ಲಿದ್ದಳು. ನನ್ನ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಸೊರಗಿದ್ದಳು. ಮಗಳು ಆಕೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

“ಪಾಸ್?”

ಆಟ ಆಕೆಗೆ ನನ್ನ ಕಾಗದಗಳಿಂದ ಗೊತ್ತಿತ್ತು. ಆದರೆ ರೈಲಿನ ಟಿಕೀಟನ್ನು ಸ್ಟೇಶನ್ನಿನಲ್ಲೇ ಇಸಿದುಕೊಂಡಿದ್ದರು. “ಪಾಸ್ ಇಲ್ಲವ್ವ. ನಾ…” ಎಂದಳು. 

“ಡಬ್ಬಾ ಖೋಲೊ.”

ಅಲ್ಲೇ ಮೆಟ್ಟಿಲ ಮೇಲೆ ಕೂತು ಬ್ಯಾಗು ತೆರೆದಳು. ಕಿತ್ತಳೆಹಣ್ಣು ಉರುಳಿದವು. ಮಗಳು ಅತ್ತ ನೋಡಲಿಲ್ಲ. ಕೈಹಾಕಿ ಕೆಳಗಿನಿಂದ ಒಂದು ಹಳದಿ ಫ್ರಾಕು ಎಳೆದಳು. ತೊಳೆಯದ, ಮುದ್ದೆಯಾದ, ಅವಳದೇ ಫ್ರಾಕು. ಅದನ್ನು ಆಕೆ ಒಯ್ದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ.

“ಇದು ನಂದು.”

“ಹೂಂ, ನಿಂದು.”

“ನೀ ಒಯ್ದಿದ್ದಿ?”

“ಹೂಂ. ನಾನ ಒಯ್ದಿದ್ದೆ.”

ಕಾರ್ಖಾನೆಯಲ್ಲಾದರೆ ಕೆಲಸ ಹೋಗುವಂಥ ಅಪರಾಧ. ಮಗಳು ಫ್ರಾಕನ್ನು ಮೂಸಿ ನೋಡಿದಳು. ಆಮೇಲೆ ಟೊಪ್ಪಿಗೆ ತೆಗೆದು ನೆಲಕ್ಕೆ ಹಾಕಿ, “ಅವ್ವ” ಎಂದು ಕಳ್ಳಿಯ ಕೊರಳಿಗೆ ಜೋತುಬಿದ್ದಳು. ಆಯಿ ಒಗ್ಗರಣೆ ಸೀಯುತ್ತಿದೆ ಎಂಬ ನೆವದಿಂದ ಒಳಗೆ ಹೋದಳು. ಒಲೆ ಹಚ್ಚಿರಲೇ ಇಲ್ಲ.

ನಿಜವಾದ ಫಜೀತಿ ಬಂದದ್ದು ಸೋಮವಾರ. ನನ್ನ ಹೆಂಡತಿ ಬಡ್ತಿಯ ಮೇಲೆ ಕಚೇರಿಗೆ ಹಾಜರಾಗಬೇಕು. ಇಸ್ತ್ರಿ ಸೀರೆ ಉಟ್ಟು ಹೊರಟರೆ ಬಾಗಿಲಿಗೆ ಅಡ್ಡ ಸ್ಟೂಲು, ಸ್ಟೂಲಿನ ಮೇಲೆ ಟೊಪ್ಪಿಗೆ.

“ಪಾಸ್?”

ಆಕೆ ಕಚೇರಿಯ ಗುರುತಿನ ಚೀಟಿ ಕೊಟ್ಟಳು. ಮಗಳು ಅದನ್ನು ನೋಡಿ ತನ್ನ ಕುಂಡೆಯ ಕೆಳಗೆ ಇಟ್ಟುಕೊಂಡು ಕೂತಳು. ಬಡ್ತಿಯ ಆರ್ಡರು ಕೊಟ್ಟಳು, ಅದೂ ಅಲ್ಲಿಗೇ ಹೋಯಿತು. “ಇವು ಒಳಗ ಬರೋ ಪಾಸು. ಹೊರಗ ಹೋಗೋ ಪಾಸ್ ಇಲ್ಲ” ಎಂದಳು.

“ಅದನ್ನ ಯಾರು ಕೊಡ್ತಾರವ್ವ?”

“ಸಾಹೇಬ್ರು.”

“ಸಾಹೇಬ್ರು ಯಾರು?”

“ನಾನ.”

ಅರ್ಧ ತಾಸು ಕಳೆಯಿತು. ಆಯಿ ಸಕ್ಕರೆ ತೋರಿಸಿದಳು, ನಾನು ಕಾಗೆ ತೋರಿಸಿದೆ. ಸೆಕ್ಯುರಿಟಿ ಅಲುಗಲಿಲ್ಲ. ಕೊನೆಗೆ ನನ್ನ ಹೆಂಡತಿ ಇಸ್ತ್ರಿ ಸೀರೆಯಲ್ಲೇ ನೆಲದ ಮೇಲೆ ಕೂತು, “ಇವತ್ತ ಬರಂಗಿಲ್ಲ ಅಂತ ಫೋನ್ ಮಾಡಿ ಬರ್ರಿ” ಎಂದಳು.

ಮಹಾ ಆತ್ಮವಿಶ್ವಾಸದಿಂದ ನಾನು ಬಾಗಿಲಿಗೆ ಬಂದೆ. ಎಂಟು ವಾರ ಅವಳನ್ನು ಆಡಿಸಿದವನು ನಾನು. ಈ ಗೇಟನ್ನೇ ಕಟ್ಟಿದವನು. ನನ್ನನ್ನು ಬಿಡುವುದು ಇನ್ನೂ ಕಷ್ಟವಿದೆ ಎಂದುಕೊಂಡು ಕಾರ್ಖಾನೆಯ ಪಾಸನ್ನು ಕೈಯಲ್ಲಿ ಹಿಡಿದಿದ್ದೆ. ಮಗಳು ನನ್ನನ್ನೂ ನೋಡಲಿಲ್ಲ, ಪಾಸನ್ನೂ ನೋಡಲಿಲ್ಲ. ಒಂದು ಕಾಲು ಮಡಚಿ ದಾರಿ ಬಿಟ್ಟಳು.

ಕೋಲೂರುತ್ತ ಕೆಳಗಿಳಿದು ಆಕೆಯ ಸಾಹೇಬರಿಗೆ ಫೋನು ಹಚ್ಚಿದೆ. ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. “ಸರ್, ಅವರಿಗೆ ಇವತ್ತು ಬರಲಾಗುವುದಿಲ್ಲ, ಸೆಕ್ಯುರಿಟಿ ಹಿಡಿದಿಟ್ಟುಕೊಂಡಿದೆ” ಎಂದೆ ಹಿಂದಿಯಲ್ಲಿ.

ಸಾಹೇಬರು ಗಾಬರಿಯಾದರು. “ಹಿಡಿದಿಟ್ಟುಕೊಂಡರೇ? ಎಲ್ಲಿ? ನೀವು ಜೊತೆಗೆ ಇರಲಿಲ್ಲವೇ?”

“ಇದ್ದೆ ಸರ್, ಅಲ್ಲೇ ಇದ್ದೆ.”

“ಮತ್ತೆ ನಿಮ್ಮನ್ನು ಹೇಗೆ ಬಿಟ್ಟರು?”

ನಾನು ಕೈಯಲ್ಲಿದ್ದ ಪಾಸನ್ನು ಜೇಬಿಗೆ ಹಾಕಿಕೊಂಡೆ. “ಬೇಕಾದವರನ್ನಷ್ಟೇ ಹಿಡಿಯುತ್ತಾರೆ ಸರ್” ಎಂದೆ.